ಏಳನೇ ತಾರೀಖಿನ ದುಡ್ಡು

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದೆ. ನಾಲ್ಕು ಸಿಎನ್‌ಸಿ ಮೆಷಿನ್, ಎರಡು ಹಳೆಯ ಲೇತು, ಒಂದು ಮಿಲ್ಲಿಂಗ್ ಮೆಷಿನ್, ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕ್ಯಾಬಿನ್. ಅದರಲ್ಲಿ ಎರಡು ಕುರ್ಚಿ, ಒಂದು ಓನರ್‌ದು, ಇನ್ನೊಂದು ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಬಂದವರೇ, ಕೂರುವ ಮೊದಲೇ ಕೇಳುತ್ತಿದ್ದರು: "ಏನಮ್ಮಾ, ಪಾರ್ಟಿ ಪೇಮೆಂಟ್ ಬಂತಾ?" ಕೆಲಸ ಇದೆಯಾ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಕೆಲಸ ಯಾವತ್ತೂ ಇತ್ತು. ಮೆಷಿನ್‌ಗಳು ಎರಡು ಶಿಫ್ಟ್ ಓಡುತ್ತಿದ್ದವು, ಗೇಟಿನ ಹತ್ತಿರ ಮಾಲು ತುಂಬಿದ ಕ್ರೇಟುಗಳು ಟೆಂಪೊ ಕಾಯುತ್ತಾ ನಿಂತಿರುತ್ತಿದ್ದವು. ಹೊರಗಿನಿಂದ ನೋಡಿದವರು ಚೆನ್ನಾಗಿ ನಡೆಯುತ್ತಿರುವ ಕಾರ್ಖಾನೆ ಎನ್ನುತ್ತಿದ್ದರು. ನಡೆಯುತ್ತಲೂ ಇತ್ತು. ಆದರೂ ತಿಂಗಳ 5ನೇ ತಾರೀಖು ಬಂತೆಂದರೆ ಕ್ಯಾಬಿನ್ನಿನಲ್ಲಿ ಮಾತು ನಿಲ್ಲುತ್ತಿತ್ತು.

7ಕ್ಕೆ ಸಂಬಳ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ. ನಡುವೆ ಕರೆಂಟ್ ಬಿಲ್ಲು, ಶೆಡ್ಡಿನ ಬಾಡಿಗೆ, ಮೆಷಿನ್‌ಗಳ ಕಂತು. ತಿಂಗಳ ಕೊನೆಗೆ ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಯಲ್ಲಿ ಬಡ್ಡಿ ಬೀಳುತ್ತದೆ. ಕೈಬಿಟ್ಟು ಹೋಗುವ ಒಂದೊಂದು ರೂಪಾಯಿಗೂ ತಾರೀಖು ಇದೆ. ಬರಬೇಕಾದ್ದಕ್ಕೆ ಮಾತ್ರ "ಮುಂದಿನ ವಾರ ನೋಡೋಣ" ಎಂಬ ಉತ್ತರ. ಆ 7ನೇ ತಾರೀಖನ್ನು ದಾಟಲು ಲೇತಿನ ಅಡಿಯಲ್ಲಿ ಸುರುಳಿಯಾಗಿ ಬಿದ್ದ ಉಕ್ಕಿನ ಚೂರನ್ನು ಗುಜರಿಯವರಿಗೆ ತೂಗಿ ಕೊಟ್ಟ ದಿನಗಳಿವೆ. ಓನರ್ ಮನೆಯವರ ಆರು ಬಳೆ ವರ್ಷಕ್ಕೆ ಎರಡು ಸಲವಾದರೂ ಒಡವೆ ಸಾಲದ ಕೌಂಟರಿಗೆ ಹೋಗಿ ಬರುತ್ತಿದ್ದವು. ಅವನ್ನು ತೂಗಿದ ಚೀಟಿಗಳನ್ನು ಫೈಲಿಗೆ ಹಾಕುತ್ತಿದ್ದವಳು ನಾನೇ.

ಹೀಗೆ ತಿಂಗಳು ದಾಟಿಸಲು ಬೇಕಾಗುವ ದುಡ್ಡಿಗೆ ಬ್ಯಾಂಕಿನ ಕಾಗದಗಳಲ್ಲಿ ದುಡಿಯುವ ಬಂಡವಾಳ ಎಂದು ಹೆಸರು. ಒಳ್ಳೆಯ ಹೆಸರು. ಮೆಷಿನ್ನಿಗೆ ಹಾಕಿದ ದುಡ್ಡು ಒಂದೇ ಕಡೆ ಬೇರು ಬಿಟ್ಟು ನಿಲ್ಲುತ್ತದೆ. ಈ ದುಡ್ಡು ಉಕ್ಕಾಗಿ, ಬಿಡಿಭಾಗವಾಗಿ, ಬಿಲ್ಲಾಗಿ, ಮತ್ತೆ ದುಡ್ಡಾಗಿ ಸುತ್ತುತ್ತದೆ. ಪೀಣ್ಯದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ಅದು 'ರೊಟೇಷನ್'. "ಕೆಲಸಕ್ಕೇನೂ ಕಮ್ಮಿ ಇಲ್ಲ, ರೊಟೇಷನ್‌ಗೆ ಕಷ್ಟ" ಎಂಬ ಮಾತನ್ನು ಜಾಲಹಳ್ಳಿ ಕ್ರಾಸಿನಿಂದ ಹಿಡಿದು ಯಾವ ರಸ್ತೆಯ ಟೀ ಅಂಗಡಿಯಲ್ಲಿ ನಿಂತರೂ ಕೇಳಬಹುದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರೂ ಹೇಳುವುದು ಇದನ್ನೇ. ಬೀಡುಕಬ್ಬಿಣಕ್ಕೆ ದುಡ್ಡು ಮೊದಲೇ ಎಣಿಸಬೇಕು, ಎರಕ ಹೊಯ್ದು ಕಳಿಸಿದ ಮಾಲಿಗೆ ತಿಂಗಳುಗಟ್ಟಲೆ ಕಾಯಬೇಕು.

ಈ ಕಷ್ಟದ ಮೂಲ ಎಲ್ಲಿದೆ ಎಂಬುದು ನನಗೆ ಅರ್ಥವಾದದ್ದು ಒಂದು ಭಾನುವಾರ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಕೊಡುತ್ತೇನೆ.

ನಮ್ಮ ಅಳತೆಯ ಒಂದು ಘಟಕ, ವರ್ಷಕ್ಕೆ 2.4 ಕೋಟಿ ವಹಿವಾಟು. ತಿಂಗಳಿಗೆ 20 ಲಕ್ಷದ ಬಿಲ್ಲು. ಉಕ್ಕಿಗೆ 9 ಲಕ್ಷ, ಸಂಬಳಕ್ಕೆ 4, ಹೊರಗೆ ಮಾಡಿಸುವ ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗಿಗೆ 2, ಕರೆಂಟು, ಬಾಡಿಗೆ, ಸಾಗಣೆ ಎಲ್ಲ ಸೇರಿ 2. ಮಿಕ್ಕ 3 ಲಕ್ಷದಲ್ಲಿ ಬಡ್ಡಿ, ಕಂತು, ಓನರ್ ಮನೆಯ ಖರ್ಚು. ಈಗ ಒಂದು ಉಕ್ಕಿನ ರಾಡಿನ ಹಿಂದೆಯೇ ಹೋಗೋಣ. ಅಂಗಡಿಯಿಂದ ಬಂದ ರಾಡು 15 ದಿನ ರ‍್ಯಾಕಿನಲ್ಲಿ ಮಲಗುತ್ತದೆ. ತುಂಡಾಗಿ, ಲೇತಿಗೆ ಏರಿ, ಹೀಟ್ ಟ್ರೀಟ್‌ಮೆಂಟಿಗೆ ಹೋಗಿ ಬಂದು, ಗ್ರೈಂಡಿಂಗ್ ಆಗಿ, ಅಳತೆ ನೋಡಿಸಿಕೊಂಡು ಪೆಟ್ಟಿಗೆ ಸೇರುವಷ್ಟರಲ್ಲಿ ಇನ್ನೂ 20 ದಿನ. ಇಷ್ಟು ನಮ್ಮ ಕೈಯಲ್ಲಿರುವುದು. ಆಮೇಲೆ ಬಿಲ್ಲಿನ ದುಡ್ಡು ಬರಲು 90 ದಿನ. ಒಟ್ಟು 125 ದಿನ. ಉಕ್ಕಿನ ಅಂಗಡಿಯವರು 20 ದಿನದ ಉದ್ದರಿ ಕೊಟ್ಟರೆ ಅದೇ ದೊಡ್ಡದು. ಉಳಿದ 105 ದಿನದ ಹೊರೆ ನಮ್ಮ ಮೇಲೆ.

ಇದನ್ನು ರೂಪಾಯಿಗೆ ಇಳಿಸಿದರೆ ಹೀಗೆ. ಮೂರು ತಿಂಗಳ ಬಿಲ್ಲು 60 ಲಕ್ಷ, 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 71 ಲಕ್ಷದ ಹತ್ತಿರ. ರ‍್ಯಾಕಿನಲ್ಲಿ, ಮೆಷಿನ್ ಮೇಲೆ, ಪೆಟ್ಟಿಗೆಯಲ್ಲಿ ಇರುವ ಮಾಲು ಸುಮಾರು 13.5 ಲಕ್ಷ. ಉಕ್ಕಿನವರ ಉದ್ದರಿ 7 ಲಕ್ಷ ಕಳೆಯಿರಿ. 77 ಲಕ್ಷಕ್ಕೂ ಹೆಚ್ಚು ದುಡ್ಡು ಸದಾಕಾಲ ಸಿಕ್ಕಿಕೊಂಡಿರುತ್ತದೆ.

ಬ್ಯಾಂಕ್ ಇದರಲ್ಲಿ ಎಷ್ಟು ಕೊಡುತ್ತದೆ ಎನ್ನುವುದಕ್ಕೆ ಒಂದು ಇತಿಹಾಸವಿದೆ. 1974ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಾಶ್ ಟಂಡನ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಯಾವ ಕೈಗಾರಿಕೆ ಎಷ್ಟು ತಿಂಗಳ ಸರಕು ಇಟ್ಟುಕೊಳ್ಳಬಹುದು, ಎಷ್ಟು ತಿಂಗಳ ಬಾಕಿ ಬಿಡಬಹುದು, ಅದರಲ್ಲಿ ಮಾಲೀಕರ ಪಾಲೆಷ್ಟು, ಬ್ಯಾಂಕಿನದೆಷ್ಟು ಎಂಬ ಅಳತೆಗೋಲನ್ನು ಆ ಸಮಿತಿ ಹಾಕಿಕೊಟ್ಟಿತು. ಅದು ದೊಡ್ಡ ಕಾರ್ಖಾನೆಗಳಿಗೆ ಹೊಂದುವ ಲೆಕ್ಕ. ಸಣ್ಣವರಿಗಾಗಿ 1992ರಲ್ಲಿ ಪಿ.ಆರ್. ನಾಯಕ್ ಸಮಿತಿ ಒಂದು ಸುಲಭ ಸೂತ್ರ ಕೊಟ್ಟಿತು: ವರ್ಷದ ಅಂದಾಜು ವಹಿವಾಟಿನ ಕಾಲುಭಾಗ ದುಡಿಯುವ ಬಂಡವಾಳ ಬೇಕು, ಅದರಲ್ಲಿ ವಹಿವಾಟಿನ 5 ಪರ್ಸೆಂಟ್ ಮಾಲೀಕರು ತರಲಿ, 20 ಪರ್ಸೆಂಟ್ ಬ್ಯಾಂಕ್ ಕೊಡಲಿ. 5 ಕೋಟಿವರೆಗಿನ ಮಿತಿಗೆ ಬ್ಯಾಂಕುಗಳು ಇವತ್ತಿಗೂ ಹಿಡಿಯುವುದು ಇದೇ ಸೂತ್ರವನ್ನು. ಅಡವಿಡಲು ಏನೂ ಇಲ್ಲದವರ ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ 2000ದಲ್ಲಿ ಬಂದಮೇಲೆ ಬಾಡಿಗೆ ಶೆಡ್ಡಿನವರಿಗೂ ಬ್ಯಾಂಕಿನ ಬಾಗಿಲು ಸ್ವಲ್ಪ ತೆರೆಯಿತು. ನಾಯಕ್ ಸೂತ್ರದ ಪ್ರಕಾರ 2.4 ಕೋಟಿ ವಹಿವಾಟಿಗೆ 48 ಲಕ್ಷದ ಸಿಸಿ ಲಿಮಿಟ್.

77ಕ್ಕೆ 48. ಉಳಿದ 29 ಲಕ್ಷ ಎಲ್ಲಿಂದ? ಆ ಭಾನುವಾರ ನಾನು ಪೆನ್ಸಿಲ್ ಕೆಳಗಿಟ್ಟದ್ದು ಈ ಸಾಲಿನ ಹತ್ತಿರ. ಹನ್ನೊಂದು ವರ್ಷ ಬಳೆ, ಚೀಟಿ, ಕೈಸಾಲ, ಭಾವಮೈದನ ಫಿಕ್ಸೆಡ್ ಡೆಪಾಸಿಟ್ ಎಂದು ಬೇರೆ ಬೇರೆ ಹೆಸರಿನಲ್ಲಿ ನಾನು ಬರೆದ ಎಂಟ್ರಿಗಳೆಲ್ಲ ಈ 29 ಲಕ್ಷದ ಹೊಂಡವನ್ನು ಮುಚ್ಚುವ ಮಣ್ಣಾಗಿದ್ದವು. ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ವರ್ಷಕ್ಕೆ 24 ಪರ್ಸೆಂಟ್. ಹೊಂಡವನ್ನೆಲ್ಲ ಅದರಿಂದಲೇ ತುಂಬಿದರೆ ವರ್ಷಕ್ಕೆ 7 ಲಕ್ಷ, ಅಂದರೆ ಉಳಿಕೆಯ ಐದನೇ ಒಂದು ಪಾಲು.

ನಾಯಕ್ ಸಮಿತಿಯ ಸೂತ್ರದಲ್ಲಿ ತಪ್ಪಿಲ್ಲ. ವಹಿವಾಟಿನ ಕಾಲುಭಾಗ ಎಂದರೆ ಮೂರು ತಿಂಗಳಿಗೊಮ್ಮೆ ದುಡ್ಡು ಒಂದು ಸುತ್ತು ಮುಗಿಸುತ್ತದೆ ಎಂಬ ನಂಬಿಕೆ. ನಮ್ಮ ಬಿಲ್ಲಿನ ದುಡ್ಡು 90ರ ಬದಲು 45 ದಿನಕ್ಕೆ ಬಂದರೆ ಏನಾಗುತ್ತದೆ ಎಂದು ಅದೇ ಕಾಗದದ ಹಿಂಬದಿಯಲ್ಲಿ ಹಾಕಿ ನೋಡಿದೆ. ಸಿಕ್ಕಿಕೊಳ್ಳುವ ದುಡ್ಡು 42 ಲಕ್ಷ. ಮಾಲೀಕರ ಪಾಲು, ಬ್ಯಾಂಕಿನ ಪಾಲು ಸೇರಿಸಿದರೆ ಹೊಂಡವೇ ಇರುವುದಿಲ್ಲ, ಬಳೆ ಕೈಯಲ್ಲೇ ಇರುತ್ತವೆ. ಸಣ್ಣ ಕೈಗಾರಿಕೆಗೆ ಸಾಲ ಸಾಲದು ಎಂದು ಸಭೆಗಳಲ್ಲಿ ಕೇಳುವಾಗೆಲ್ಲ ನನಗೆ ಈ ಕಾಗದ ನೆನಪಾಗುತ್ತದೆ. ಸಾಲ ಕೊಡುತ್ತಿರುವವರು ನಾವೇ. 2.4 ಕೋಟಿಯ ಶೆಡ್ಡು ತನಗಿಂತ ನೂರುಪಾಲು ದೊಡ್ಡ ಕಂಪನಿಗೆ 45 ದಿನದ ಹೆಚ್ಚುವರಿ ಸಾಲವನ್ನು, 35 ಲಕ್ಷವನ್ನು, ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಜಾಮೀನಿಲ್ಲದೆ ಕೊಟ್ಟು ಕೂತಿದೆ. ಅದನ್ನು ಕೊಡುವುದಕ್ಕಾಗಿ ತಾನು ಎರಡು ರೂಪಾಯಿ ಬಡ್ಡಿಗೆ ತರುತ್ತಿದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತಿದ್ದರು ನಮ್ಮ ಓನರ್.

90 ದಿನ ಎಂಬುದೂ ಕಾಗದದ ಮೇಲಿನ ಮಾತು. ಎಣಿಕೆ ಶುರುವಾಗುವುದು ನಾವು ಬಿಲ್ಲು ಕೊಟ್ಟ ದಿನದಿಂದಲ್ಲ, ಅವರ ಕಂಪ್ಯೂಟರಿನಲ್ಲಿ ಜಿಆರ್‌ಎನ್ ಆದ ದಿನದಿಂದ, ಅಂದರೆ ಮಾಲು ಸ್ವೀಕರಿಸಿದ್ದೇವೆ ಎಂದು ಅವರ ಸ್ಟೋರ್ಸ್‌ನವರು ನಮೂದಿಸಿದ ದಿನದಿಂದ. ನಮ್ಮ ಒಬ್ಬ ದೊಡ್ಡ ಗ್ರಾಹಕರಿದ್ದರು. ಟೆಂಪೊ ಅವರ ಗೇಟು ಹೊಕ್ಕು ಮಾಲು ಇಳಿಸಿ ಬರುತ್ತಿತ್ತು, ಜಿಆರ್‌ಎನ್ ಆಗಲು ಎರಡು ವಾರ. ಫೋನ್ ಮಾಡಿದರೆ ಸ್ಟೋರ್ಸ್‌ನವರು ಕ್ವಾಲಿಟಿಯವರ ಕಡೆ, ಕ್ವಾಲಿಟಿಯವರು ಅಕೌಂಟ್ಸ್ ಕಡೆ, ಅಕೌಂಟ್ಸ್‌ನವರು ಪರ್ಚೇಸ್ ಕಡೆ ಕಳಿಸುತ್ತಿದ್ದರು. ಒಮ್ಮೆ ಮಾರ್ಚ್ ತಿಂಗಳಲ್ಲಿ ನಾಲ್ಕು ಪೀಸು ಅಳತೆ ತಪ್ಪಿದೆ ಎಂದು ಇಡೀ ಬಿಲ್ಲನ್ನೇ ತಡೆದರು. ನಾಲ್ಕು ಪೀಸಿನ ಬೆಲೆ ಸಾವಿರದ ಒಳಗೆ, ಬಿಲ್ಲು 12 ಲಕ್ಷದ್ದು. ಆ ವರ್ಷ ಯುಗಾದಿಗೆ ಕೊಡಬೇಕೆಂದಿದ್ದ ಮುಂಗಡವನ್ನು ಕೆಲಸಗಾರರಿಗೆ ಹಬ್ಬ ಕಳೆದು ಎರಡು ವಾರದ ಮೇಲೆ ಕೊಟ್ಟೆವು. ಸೆಟ್ಟರ್ ಹುಡುಗನೊಬ್ಬ ಊರಿಗೆ ಹೋಗುವುದನ್ನೇ ಕೈಬಿಟ್ಟ. ನಾಲ್ಕು ಕಂಪ್ಯೂಟರುಗಳ ನಡುವೆ ಸಿಕ್ಕಿಬಿದ್ದ ಒಂದು ಕಾಗದ ಒಂದು ಮನೆಯ ಹಬ್ಬವನ್ನು ನಿಲ್ಲಿಸಿತು, ಅದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಇತ್ತ ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಆ ಕಾಗದಕ್ಕಾಗಿ ಕಾಯುವುದಿಲ್ಲ. ಬಿಲ್ಲು ಹರಿದ ತಿಂಗಳ ಮರುತಿಂಗಳೇ ಕಟ್ಟಬೇಕು. 20 ಲಕ್ಷಕ್ಕೆ 3.6 ಲಕ್ಷ, ಉಕ್ಕಿನ ಮೇಲೆ, ಹೊರಗೆ ಮಾಡಿಸಿದ ಕೆಲಸದ ಮೇಲೆ ನಾವು ಕೊಟ್ಟಿದ್ದನ್ನು ಕಳೆದರೂ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ. ಗ್ರಾಹಕರು ಇನ್ನೂ ಕೊಡದ ತೆರಿಗೆಯನ್ನು ಅವರ ಪರವಾಗಿ ನಾವು ಎರಡು ತಿಂಗಳು ಮೊದಲೇ ಕಟ್ಟಿರುತ್ತೇವೆ.

ಇದರ ಮೇಲೆ ಸಿಸಿ ಖಾತೆಯದೊಂದು ನಿಯಮವಿದೆ. ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಮಿಟ್ 48 ಲಕ್ಷ ಎಂದ ಮಾತ್ರಕ್ಕೆ 48 ಲಕ್ಷ ತೆಗೆಯುವ ಹಾಗಿಲ್ಲ. ಪ್ರತಿ ತಿಂಗಳೂ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು: ಉಕ್ಕು ಎಷ್ಟಿದೆ, ಅರೆಬರೆ ಆದದ್ದು ಎಷ್ಟು, ಬರಬೇಕಾದ ಬಿಲ್ಲು ಯಾವ್ಯಾವುದು, ಎಷ್ಟು ದಿನದ್ದು. ಉದ್ದರಿ ಕಳೆದು, ಸಾಮಾನ್ಯವಾಗಿ ಕಾಲುಭಾಗ ಮಾರ್ಜಿನ್ ತೆಗೆದು, ಉಳಿದದ್ದೇ ಡ್ರಾಯಿಂಗ್ ಪವರ್, ನಮ್ಮ ಬಾಯಲ್ಲಿ ಡಿಪಿ. ಡಿಪಿ, ಲಿಮಿಟ್ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಮ್ಮದು. 90 ದಿನ ದಾಟಿದ ಬಿಲ್ಲುಗಳನ್ನು ಬ್ಯಾಂಕುಗಳು ಸಾಮಾನ್ಯವಾಗಿ ಈ ಲೆಕ್ಕದಿಂದ ಹೊರಗಿಡುತ್ತವೆ. ನಮ್ಮ ಉದಾಹರಣೆಯಲ್ಲಿ ಎಲ್ಲ ಬಿಲ್ಲೂ 90 ದಿನದ ಒಳಗಿದ್ದರೆ ಡಿಪಿ 58 ಲಕ್ಷ, ತೊಂದರೆಯಿಲ್ಲ. ತಲಾ 12 ಲಕ್ಷದ ಎರಡು ಬಿಲ್ಲು 91ನೇ ದಿನಕ್ಕೆ ಕಾಲಿಟ್ಟವೋ, ಡಿಪಿ 40 ಲಕ್ಷಕ್ಕೆ ಕುಸಿಯುತ್ತದೆ. 48 ತೆಗೆದು ಖರ್ಚು ಮಾಡಿಯಾಗಿದೆ, ಈಗ 8 ಲಕ್ಷ ವಾಪಸು ತುಂಬಬೇಕು. ದುಡ್ಡು ಬರದೆ ಕಷ್ಟದಲ್ಲಿದ್ದೇವೆ ಎಂಬ ಕಾರಣಕ್ಕೇ ಇದ್ದ ದುಡ್ಡನ್ನೂ ಹಿಂದೆ ಕೊಡಬೇಕು. ತುಂಬದೆ ಹಾಗೇ ಬಿಟ್ಟರೆ ಮೊದಲು ಮ್ಯಾನೇಜರ್ ಫೋನು, ಆಮೇಲೆ ಕಣ್ಣಿಡಬೇಕಾದ ಖಾತೆಗಳ ಎಸ್‌ಎಂಎ ಪಟ್ಟಿ, 90 ದಿನ ದಾಟಿದರೆ ಖಾತೆಯೇ ಎನ್‌ಪಿಎ.

ಬ್ಯಾಂಕಿನವರ ದೃಷ್ಟಿಯಿಂದ ನೋಡಿದರೆ ಹಳೆಯ ಬಿಲ್ಲು ಬರುತ್ತದೋ ಇಲ್ಲವೋ ಎಂಬ ಅನುಮಾನ ಸರಿಯೇ. ಆದರೆ ದೀಪಾವಳಿಗೆ ಬಾಗಿಲು ಹಾಕಿಕೊಂಡು ಹೋಗುವ ಒಬ್ಬ ಬಿಡಿ ವ್ಯಾಪಾರಿಯ ಬಾಕಿಗೂ, ಷೇರುಪೇಟೆಯಲ್ಲಿ ಹೆಸರಿರುವ ಕಂಪನಿ ಬೇಕೆಂದೇ ತಡೆದಿಟ್ಟ ಬಾಕಿಗೂ ಒಂದೇ ಗೆರೆ ಎಳೆಯುವುದು ನ್ಯಾಯವಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕರಾವಳಿಯ ಕೈಮಗ್ಗದ ನೇಕಾರರು ಕಂಗೆಟ್ಟಿದ್ದ ಕಾಲ ಅದು. ಅವರ ಕೈಗೆ ಸಾಲ ಸಿಗಬೇಕು, ಅದಕ್ಕೆ ಊರಿನ ಸಣ್ಣ ಉಳಿತಾಯವೇ ಒದಗಬೇಕು ಎಂಬುದು ಅದರ ಹಿಂದಿದ್ದ ಯೋಚನೆ. ಮಗ್ಗ ಮನೆಯಲ್ಲಿದ್ದರೂ ನೂಲಿಗೆ ದುಡ್ಡಿಲ್ಲದಿದ್ದರೆ ಲಾಳಿ ಓಡುವುದಿಲ್ಲ. ನಮ್ಮ ಭಾಷೆಯಲ್ಲಿ ಅದೂ ರೊಟೇಷನ್ನೇ. 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಶುರುವಾಯಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ದುಡಿಯುವವರ ಕೈಗೆ ಕೆಲಸದ ದುಡ್ಡು ಒದಗಿಸುವುದು ಬ್ಯಾಂಕಿಂಗಿನ ಒಂದು ಮೂಲ ಉದ್ದೇಶವೆಂದು ನಮ್ಮ ನಾಡಿನಲ್ಲಿ ನೂರು ವರ್ಷದ ಹಿಂದೆಯೇ ತಿಳಿದಿದ್ದರು. ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ತಡೆದಿಟ್ಟ ಬಾಕಿಗೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಪ್ರಕಾರ ಸಣ್ಣ ಮತ್ತು ಅತಿಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ 16ನೇ ಕಲಂ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರುಪಟ್ಟು, ತಿಂಗಳ ಚಕ್ರಬಡ್ಡಿ. ಬ್ಯಾಂಕ್ ರೇಟ್ 6.75 ಇದ್ದ ಕಾಲದಲ್ಲಿ ಅದು 20.25 ಪರ್ಸೆಂಟ್ ಆಗುತ್ತಿತ್ತು. ದೂರು ಕೇಳಲು ರಾಜ್ಯಗಳಲ್ಲಿ ಫೆಸಿಲಿಟೇಷನ್ ಕೌನ್ಸಿಲ್ ಇದೆ, ಅದರ ತೀರ್ಪನ್ನು ಪ್ರಶ್ನಿಸಲು ಹೋಗುವ ಕೊಳ್ಳುಗರು ಮೊತ್ತದ ಮುಕ್ಕಾಲುಭಾಗ ಮೊದಲೇ ಠೇವಣಿ ಇಡಬೇಕು. 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ ಬಂದಮೇಲೆ ಕೂತಲ್ಲಿಂದಲೇ ದೂರು ಕೊಡುವುದು ಸಾಧ್ಯವಾಯಿತು. ಇಷ್ಟು ಗಟ್ಟಿಯಾದ ಕಾನೂನು ಕೂಲಿಗೂ ಇಲ್ಲವೇನೋ ಎನಿಸುತ್ತದೆ ಓದಿದಾಗ.

ನಾನು ಆ ಕಲಂಗಳನ್ನು ಪ್ರಿಂಟ್ ಹಾಕಿಸಿ ಒಂದು ದಿನ ಓನರ್ ಮೇಜಿನ ಮೇಲಿಟ್ಟೆ. "ಸಾರ್, ಆ 12 ಲಕ್ಷದ ಬಿಲ್ಲಿಗೆ ಇದನ್ನ ಹಾಕ್ಬಹುದು." ಅವರು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಕೇಸ್ ಹಾಕಿದ್ರೆ ದುಡ್ಡು ಬರುತ್ತಮ್ಮಾ. ಆಮೇಲೆ ಆರ್ಡರ್ ಬರಲ್ಲ."

ಆ ಕಾಯ್ದೆಯ ಇಡೀ ದೌರ್ಬಲ್ಯ ಈ ಎರಡು ವಾಕ್ಯಗಳಲ್ಲಿದೆ. ವಹಿವಾಟಿನ ಅರ್ಧದಷ್ಟು ಒಬ್ಬರೇ ಗ್ರಾಹಕರಿಂದ ಬರುವಾಗ ದೂರು ಕೊಡುವ ಕೈ ನಡುಗದೆ ಇರುವುದಿಲ್ಲ. ದೂರು ಕೊಡುವವರಲ್ಲಿ ಆಗಲೇ ಸಂಬಂಧ ಕಡಿದುಕೊಂಡವರು, ಶೆಡ್ಡು ಮುಚ್ಚುತ್ತಿರುವವರು ಇರುವುದನ್ನು ಪೀಣ್ಯದಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ.

2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ತುಣುಕು ಸೇರಿತು. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು, ಅಲ್ಲಿಯವರೆಗೆ ಅದರ ಮೇಲೆ ತೆರಿಗೆ ಕಟ್ಟಬೇಕು. ಇಲ್ಲಿ ಮಾರಿದವರು ಬಾಯಿ ಬಿಡಬೇಕಾಗಿಲ್ಲ, ಅದೇ ಇದರ ಗುಣ. 2024ರ ಮಾರ್ಚ್‌ನಲ್ಲಿ ನಮ್ಮ ಫೋನಿಗೆ ಉತ್ತರಿಸದವರೇ ಫೋನ್ ಮಾಡಿ, ನಾವು ಸಣ್ಣ ಉದ್ಯಮವೆಂದು ತೋರಿಸುವ ಉದ್ಯಮ್ ನೋಂದಣಿ ನಂಬರ್ ಕೇಳಿದರು. ತಿಂಗಳ ಕೊನೆಯ ವಾರ ಹಳೆಯ ಬಿಲ್ಲುಗಳ ದುಡ್ಡು ಬಂತು. ಆದರೆ ಈ ನಿಯಮ ನೋಡುವುದು ಮಾರ್ಚ್ 31ಕ್ಕೆ ಏನು ಬಾಕಿ ಉಳಿದಿದೆ ಎಂಬುದನ್ನು. ಮೇ ತಿಂಗಳ ಬಿಲ್ಲನ್ನು ಡಿಸೆಂಬರಿನಲ್ಲಿ ಕೊಟ್ಟರೆ ತೆರಿಗೆಯ ಮಟ್ಟಿಗೆ ಕೊಳ್ಳುಗರಿಗೆ ನಷ್ಟವಿಲ್ಲ. ನಮ್ಮಲ್ಲಿ ಏಳನೇ ತಾರೀಖು ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ.

ನನಗೆ ನಿಜವಾಗಿ ಭರವಸೆ ಕೊಟ್ಟದ್ದು ಟ್ರೆಡ್ಸ್ ಎಂಬ ವ್ಯವಸ್ಥೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಇದರ ರೂಪುರೇಷೆ ಹಾಕಿತು. 2017ರಲ್ಲಿ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ಮೂರು ವೇದಿಕೆಗಳು ಕೆಲಸ ಶುರುಮಾಡಿದವು. ಕೊಂಡವರು ಬಿಲ್ಲನ್ನು ಅಲ್ಲಿ ಒಪ್ಪಿಕೊಂಡರೆ ಬ್ಯಾಂಕುಗಳು ಅದಕ್ಕೆ ಹರಾಜು ಕೂಗುತ್ತವೆ. ಕಡಿಮೆ ಬಡ್ಡಿಯವರನ್ನು ಆರಿಸಿಕೊಂಡರೆ ಮರುದಿನ ದುಡ್ಡು ಖಾತೆಯಲ್ಲಿ. ಗಡುವಿನ ದಿನ ಬ್ಯಾಂಕ್ ದೊಡ್ಡ ಕಂಪನಿಯಿಂದ ವಸೂಲು ಮಾಡಿಕೊಳ್ಳುತ್ತದೆ, ಅವರು ತಪ್ಪಿದರೂ ನಮ್ಮ ಹತ್ತಿರ ವಾಪಸು ಕೇಳುವಂತಿಲ್ಲ. ಬಡ್ಡಿ ನಿಗದಿಯಾಗುವುದು ನಮ್ಮ ಶೆಡ್ಡಿನ ಯೋಗ್ಯತೆ ನೋಡಿ ಅಲ್ಲ, ಆ ಕಂಪನಿಯ ಯೋಗ್ಯತೆ ನೋಡಿ. ಸಾಲ ಯಾರದ್ದೋ ಹೊಣೆ ಅವರ ಮೇಲೆಯೇ ಕೂರುವ ಏರ್ಪಾಟು ಇದು. ಮೊದಲು 500 ಕೋಟಿ, 2024ರ ನವೆಂಬರಿನ ಅಧಿಸೂಚನೆಯ ನಂತರ 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ನೋಂದಾಯಿಸಿಕೊಳ್ಳುವುದು ಕಡ್ಡಾಯ. ನೋಂದಣಿ ಕಡ್ಡಾಯವಾಯಿತು, ಬಿಲ್ಲು ಒಪ್ಪುವುದು ಕಡ್ಡಾಯವಾಗಲಿಲ್ಲ. ಜೊತೆಗೆ ಪೀಣ್ಯದ ಎಷ್ಟೋ ಶೆಡ್ಡುಗಳ ಗ್ರಾಹಕರು ಆ 250 ಕೋಟಿಯವರಲ್ಲ, ಅವರಿಗೆ ಮಾಲು ಕೊಡುವ ಮಧ್ಯಮ ಗಾತ್ರದವರು. "ನಮಗೆ ಮೇಲಿಂದ ಬಂದಿಲ್ಲ" ಎನ್ನುವ ಆ ಮಧ್ಯದವರ ಮಾತೂ ಎಷ್ಟೋ ಸಲ ನಿಜವೇ.

ಇವತ್ತು 5 ಕೋಟಿ ಮೀರಿದ ವಹಿವಾಟಿನವರು ಬೇರೆ ಉದ್ದಿಮೆಗಳಿಗೆ ಬರೆಯುವ ಬಿಲ್ಲು ಇ-ಇನ್‌ವಾಯ್ಸ್ ಆಗಿ ಸರ್ಕಾರದ ಕಂಪ್ಯೂಟರ್ ಮುಟ್ಟುತ್ತದೆ. ಸಣ್ಣವರಿಗೆ 45 ದಿನ ಮೀರಿ ಎಷ್ಟು ಬಾಕಿಯಿದೆ ಎಂದು ಕಂಪನಿಗಳು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ಫಾರಂ ತುಂಬುತ್ತವೆ. ಬಿಲ್ಲು ಯಾವತ್ತು ಹುಟ್ಟಿತು, ದುಡ್ಡು ಯಾವತ್ತು ಕೊಡಬೇಕಿತ್ತು ಎಂಬುದು ಗೊತ್ತಿರುವಾಗ 46ನೇ ದಿನದ ಬಡ್ಡಿ ತಾನಾಗಿಯೇ ಬಿಲ್ಲಿಗೆ ಸೇರಬೇಕು. ಕರೆಂಟ್ ಬಿಲ್ಲು ತಡವಾದರೆ ನಮಗೆ ಬಡ್ಡಿ ಹಾಕಲು ಯಾರೂ ದೂರು ಕೊಡಬೇಕಾಗಿಲ್ಲ. ಪಡೆಯುವವರು ಕೈಮುಗಿದು ಕೇಳಬೇಕಾದ ಹಕ್ಕು ಅವರ ಕೈಗೆ ಸಿಗುವುದಿಲ್ಲ ಎಂದು ಹನ್ನೊಂದು ವರ್ಷದ ಲೆಡ್ಜರುಗಳು ನನಗೆ ಕಲಿಸಿವೆ.

ನಾನು ಕೆಲಸ ಬಿಡುವ ಹಿಂದಿನ ವರ್ಷ ಹೊಸ ಗ್ರಾಹಕರೊಬ್ಬರು ಬಂದರು. ಅವರದೂ ನಮ್ಮಂಥದೇ, ಸ್ವಲ್ಪ ದೊಡ್ಡ ಘಟಕ. ದರದಲ್ಲಿ 3 ಪರ್ಸೆಂಟ್ ಇಳಿಸಿ, 30 ದಿನಕ್ಕೆ ದುಡ್ಡು ಕೊಡುತ್ತೇವೆ ಎಂದರು. ಓನರ್ ನನ್ನನ್ನು ಕರೆದು, "ಲೆಕ್ಕ ಹಾಕಮ್ಮಾ" ಎಂದರು. 90 ದಿನದ ಬದಲು 30, ಅಂದರೆ 60 ದಿನ ಮೊದಲು ಬರುವ ದುಡ್ಡಿಗೆ 3 ಪರ್ಸೆಂಟ್. ವರ್ಷದ ಲೆಕ್ಕದಲ್ಲಿ 19ರ ಹತ್ತಿರ. ಬ್ಯಾಂಕಿನ ಬಡ್ಡಿಗಿಂತ ದುಬಾರಿ, ಕೈಸಾಲಕ್ಕಿಂತ ಅಗ್ಗ. ಹಾಗೇ ಬರೆದು ತೋರಿಸಿದೆ. ಅವರು ಕಾಗದವನ್ನು ಎರಡು ಸಲ ನೋಡಿ ಅವತ್ತೇ ಒಪ್ಪಿಗೆ ಕಳಿಸಿದರು.

ಮೊದಲ ಬಿಲ್ಲಿನ ದುಡ್ಡು 30ನೇ ದಿನ ಮಧ್ಯಾಹ್ನ ಬಂತು. ನಾನು ಹೇಳಿದಾಗ ಅವರು ಶಾಪ್ ಫ್ಲೋರಿನಲ್ಲಿದ್ದರು, ಮೊಬೈಲಿನಲ್ಲಿ ತಾವೇ ತೆಗೆದು ನೋಡಿಕೊಂಡರು. ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಕೈಸಾಲ ಕೊಟ್ಟವರು ಶೆಡ್ಡಿಗೆ ಬಂದು ಟೀ ಕುಡಿದು, ಬ್ಯಾಗಿನಿಂದ ಒಂದು ಲಕೋಟೆ ತೆಗೆದಿಟ್ಟರು. ಒಳಗೆ ಮುಂದಿನ ತಾರೀಖು ಹಾಕಿ ಕೊಟ್ಟಿದ್ದ ಐದು ಚೆಕ್ಕು. ಓನರ್ ಅವನ್ನು ಒಂದೊಂದಾಗಿ ಎಣಿಸಿ ನನ್ನ ಕಡೆ ತಳ್ಳಿದರು. ನಾನು ಐದರ ಮೇಲೂ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಬಳೆಯ ಚೀಟಿಗಳಿದ್ದ ಅದೇ ಫೈಲಿಗೆ ಸೇರಿಸಿದೆ.